ಟರ್ಬೊ ಬೇಕಾ, ಸಾದಾ ಸಾಕಾ: ಕಲಬುರಗಿ ರಸ್ತೆಯಲ್ಲಿ ನಾನು ಹಾಕಿದ ಲೆಕ್ಕ

ನಮ್ಮ ಕಡೆ ಹೊಸ ಕಾರು ಅಂದ ಕೂಡಲೇ ಮೊದಲ ಪ್ರಶ್ನೆ "ಆವರೇಜ್ ಎಷ್ಟ್ ಕೊಡ್ತದ್ರಿ?" ಎರಡನೆಯದು "ಆನ್‌ರೋಡ್ ಎಷ್ಟಾತು?" ಮೂರನೆಯದನ್ನು ಯಾರೂ ಕೇಳುವುದಿಲ್ಲ. ಗಾಡಿ ತುಂಬ ಜನ ಕೂತಿದ್ದಾರೆ, ಎಸಿ ಫುಲ್ ಇದೆ, ಮುಂದೆ ಶಹಾಬಾದ್ ಫರಸಿ ಹೇರಿಕೊಂಡ ಲಾರಿ ಹೋಗುತ್ತಿದೆ, ಆಗ ಈ ಗಾಡಿ ಹೇಗೆ ಓಡುತ್ತದೆ? 2024ರಲ್ಲಿ ನಾವು ಕಾರು ತಗೊಳ್ಳುವಾಗ ನನಗೆ ಬೇಕಿದ್ದದ್ದು ಈ ಉತ್ತರ.

ಯಾವ ಕಾರು ಅನ್ನುವುದು ಬೇಗ ಮುಗಿಯಿತು. ಮಾರುತಿ ಫ್ರಾಂಕ್ಸ್. ನಾಲ್ಕು ಮೀಟರ್ ಒಳಗಿನ ಗಾಡಿ, ನೆಲದಿಂದ 190 ಮಿಲಿಮೀಟರ್ ಎತ್ತರ, ನಮ್ಮ ಓಣಿಯ ಹಂಪ್‌ಗೂ ಆಳಂದ ಕಡೆಯ ನಮ್ಮ ಹಳ್ಳಿಯ ದಾರಿಗೂ ಸರಿ. ಎಂಜಿನ್ ಯಾವುದು ಅನ್ನುವುದಕ್ಕೇ ನಾವು ಬಹಳ ದಿನ ತಲೆ ಕೆಡಿಸಿಕೊಂಡಿದ್ದು. ಒಂದು 1.2 ಲೀಟರ್, ನಾಲ್ಕು ಸಿಲಿಂಡರ್‌ನ ಸಾದಾ ಪೆಟ್ರೋಲ್. ಇನ್ನೊಂದು 1.0 ಲೀಟರ್, ಮೂರು ಸಿಲಿಂಡರ್‌ನ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬಿಕೊಳ್ಳುವ ಎಂಜಿನ್. ಸಣ್ಣ ಎಂಜಿನ್ನಿಗೆ ಜಾಸ್ತಿ ದುಡ್ಡು ಯಾಕೆ ಅಂತ ನಮ್ಮ ಮಾವನವರಿಗೆ ಕೊನೆಗೂ ಅರ್ಥ ಮಾಡಿಸಲು ಆಗಲಿಲ್ಲ.

ಬ್ರೋಷರ್ ನೋಡಿದರೆ ಮಾವನವರ ಮಾತು ಸರಿ ಅನ್ನಿಸುತ್ತದೆ. ಪವರ್ ಸಾದಾಗೆ ಸುಮಾರು 90 ಪಿಎಸ್ (ಹಾರ್ಸ್‌ಪವರ್ ಥರದ ಅಳತೆ), ಟರ್ಬೊಗೆ 100. ಹತ್ತು ಪಿಎಸ್‌ಗೆ ಇಷ್ಟು ದುಡ್ಡಾ? ಆದರೆ ಅದರ ಕೆಳಗಿನ ಸಾಲು ಓದಬೇಕು. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಸಾದಾದಲ್ಲಿ 113 ನ್ಯೂಟನ್ ಮೀಟರ್, ಅದೂ ಎಂಜಿನ್ 4,400 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತಿಗೆ) ಹೋದ ಮೇಲೆ. ಟರ್ಬೊದಲ್ಲಿ 147.6, ಮತ್ತು ಅದು 2,000ಕ್ಕೇ ಬಂದು 4,500ರವರೆಗೆ ಹಾಗೇ ಇರುತ್ತದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದರೆ ಪವರ್ ಬರುತ್ತದೆ ಅಲ್ವಾ, ಹಾಗಾಗಿ ನಾನು ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 2,500 ಆರ್‌ಪಿಎಂನಲ್ಲಿ, ಅಂದರೆ ನಾವು ದಿನಾ ಓಡಿಸುವ ಜಾಗದಲ್ಲಿ, ಟರ್ಬೊ ಕೊಡುವುದು ಸುಮಾರು 52 ಪಿಎಸ್. ಸಾದಾ ಎಂಜಿನ್ ಅಲ್ಲಿ ಹೆಚ್ಚೆಂದರೆ 40. ಅಷ್ಟೇ ಶಕ್ತಿ ಸಾದಾದಿಂದ ಬೇಕಾದರೆ 3,300 ದಾಟಿಸಬೇಕು, ಅಂದರೆ ಒಂದು ಗೇರ್ ಇಳಿಸಿ ಎಂಜಿನ್ ಕೂಗಿಸಬೇಕು. ವ್ಯತ್ಯಾಸ ಇರುವುದು ಇಲ್ಲಿ. ಮೇಲಿನ ಆ ಹತ್ತು ಪಿಎಸ್ ಸುಮ್ನೆ ನೋಡಲಿಕ್ಕೆ.

ಕೆಲಸ ಮಾಡುವ ರೀತಿಯೂ ಬೇರೆ. ಸಾದಾ ಎಂಜಿನ್‌ನಲ್ಲಿ ಪಿಸ್ಟನ್ ಇಳಿಯುವಾಗ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಟರ್ಬೊದಲ್ಲಿ ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ನಮ್ಮೂರ ಬಿಸಿಲಿಗೆ ಇದು ಮುಖ್ಯ. ಬಿಸಿ ಗಾಳಿ ತೆಳು. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಗಾಳಿ ಸುಮಾರು 6 ಪರ್ಸೆಂಟ್ ಕಡಿಮೆ ದಟ್ಟ. ಸಾದಾ ಎಂಜಿನ್ ಅಷ್ಟನ್ನು ಕಳೆದುಕೊಳ್ಳುತ್ತದೆ, ಮೇಲಿಂದ ಎಸಿ ಕಂಪ್ರೆಸರ್ ತನ್ನ ಪಾಲು ಬೇರೆ ಕೇಳುತ್ತದೆ. ಟರ್ಬೊ ಸ್ವಲ್ಪ ಜಾಸ್ತಿ ಒತ್ತಿ ಆ ಕೊರತೆ ತುಂಬಿಕೊಳ್ಳಬಹುದು. ಪೂರ್ತಿ ಅಲ್ಲ, ಅದಕ್ಕೂ ಬಿಸಿ ಆಗಿಬರುವುದಿಲ್ಲ, ಆದರೂ ಏಪ್ರಿಲ್-ಮೇನಲ್ಲಿ ಕಾಲಿಗೆ ಗೊತ್ತಾಗುವಷ್ಟು ಫರಕು ಇದೆ.

ಇಷ್ಟೆಲ್ಲ ಕಾಗದದ ಮೇಲೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಶೋರೂಮ್‌ನವರು ಕೊಟ್ಟಿದ್ದು ರಿಂಗ್ ರೋಡ್‌ನಲ್ಲಿ ಒಂದು ಸಣ್ಣ ಸುತ್ತು, ಗಾಡಿಯಲ್ಲಿ ನಾನು ಮತ್ತು ಅವರ ಹುಡುಗ ಇಬ್ಬರೇ, ಅದೂ ಬೆಳಿಗ್ಗೆ ತಂಪಿನಲ್ಲಿ. ಇಬ್ಬರೇ ಕೂತರೆ ಎಲ್ಲಾ ಗಾಡಿನೂ ಹಾರುತ್ತದೆ. ನಾನು ಹೇಳಿದೆ, ಮಧ್ಯಾಹ್ನ ಮನೆಯವರನ್ನೆಲ್ಲ ಕರಕೊಂಡು ಬರ್ತೀನಿ, ಎರಡೂ ಗಾಡಿ ಹುಮನಾಬಾದ್ ರಸ್ತೆಗೆ ಒಯ್ಯೋಣ. ಅವರಿಗೆ ಇಷ್ಟ ಇರಲಿಲ್ಲ. ಟರ್ಬೊ ಡೆಮೊ ಗಾಡಿ ಇಲ್ಲಿ ಇಲ್ಲ, ಬೇರೆ ಊರಿಂದ ಬರಬೇಕು, "ಎರಡೂ ಸೇಮ್ ಅದಾವ್ ಸರ್, ಸಾದಾನೇ ಬುಕ್ ಮಾಡ್ರಿ, ಡೆಲಿವರಿ ಲಗೂ ಆಗ್ತದ" ಅಂದರು. ಡೆಲಿವರಿ ಬೇಗ ಆಗುವ ಗಾಡಿನೇ ನಿಮಗೆ ಒಳ್ಳೆಯ ಗಾಡಿ ಅನ್ನುವುದು ಎಲ್ಲಾ ಕಡೆ ನಡೆಯುವ ಮಾತು. ಬುಕಿಂಗ್ ದುಡ್ಡು ಕೊಡದೆ ಸುಮ್ನೆ ಕಾದೆ. ಕೊನೆಗೆ ಗಾಡಿ ಬಂತು.

ಮೊದಲು ಸಾದಾ. ಹಿಂದೆ ಅವ್ವ, ಇಬ್ಬರು ಮಕ್ಕಳು, ಮುಂದೆ ಹೆಂಡತಿ. ಶೋರೂಮ್ ಹುಡುಗನಿಗೆ ಜಾಗ ಮಾಡಲು ಮಗ ಅಜ್ಜಿಯ ತೊಡೆಗೆ ಒತ್ತಿಕೊಂಡು ಕೂತ. ಎಸಿ ಕೊನೆಯ ಪಾಯಿಂಟ್. ಊರು ದಾಟಿ ಕಮಲಾಪುರ ಕಡೆ ಹೋಗುವಾಗ ನನಗೆ ಬೇಕಿದ್ದ ಪರೀಕ್ಷೆ ತಾನಾಗೇ ಸಿಕ್ಕಿತು, ಮುಂದೆ ಸಿಮೆಂಟ್ ಟ್ಯಾಂಕರ್, 50ರಲ್ಲಿ ಹೋಗುತ್ತಿದೆ, ಎದುರುಗಡೆ ಸ್ವಲ್ಪ ಖಾಲಿ. ಮೂರನೇ ಗೇರ್‌ನಲ್ಲಿ ಒತ್ತಿದೆ. ಗಾಡಿ ಹೋಯಿತು, ಹೋಗಲಿಲ್ಲ ಅಂತಲ್ಲ, ಆದರೆ ಯೋಚನೆ ಮಾಡಿ ಹೋಯಿತು. ಎರಡನೇ ಗೇರಿಗೆ ಇಳಿಸಿ ಮತ್ತೆ ಪ್ರಯತ್ನಿಸಿದರೆ ಚುರುಕಾಗಿ ಎಳೆಯಿತು, ಸದ್ದೂ ಜಾಸ್ತಿ ಆಯಿತು. ಹಿಂದಿನಿಂದ ಅವ್ವ, "ಸಾವಕಾಶ ಹೊಡಿ ತಮ್ಮಾ, ಎಲ್ಲಿಗಿ ಗಡಿಬಿಡಿ" ಅಂದಳು. ಅವಳಿಗೆ ವೇಗ ಗೊತ್ತಾಗುವುದು ಸದ್ದಿನಿಂದ.

ಅದೇ ರಸ್ತೆ, ಅದೇ ಜನ, ಟರ್ಬೊ. ಮೂರನೇ ಗೇರ್, ಗೇರ್ ಬದಲಿಸಲಿಲ್ಲ. ಒತ್ತಿದ ಮೇಲೆ ಒಂದು ಗಳಿಗೆ ಏನೂ ಆಗುವುದಿಲ್ಲ, ಇದನ್ನೇ ಲ್ಯಾಗ್ ಅನ್ನುವುದು, ಆಮೇಲೆ ಒಂದೇ ಸಮನೆ ಎಳೆದುಕೊಂಡು ಹೋಗುತ್ತದೆ. ಲಾರಿಯ ಪಕ್ಕದಲ್ಲಿ ಇರುವ ಹೊತ್ತು ಕಡಿಮೆ ಆಯಿತು. ನನಗೆ ಬೇಕಿದ್ದದ್ದು ಅಷ್ಟೇ, 150ರಲ್ಲಿ ಹೋಗುವುದಲ್ಲ. ಸೇಡಂ ಕಡೆ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿ ಲಾರಿಗಳು, ಚಳಿಗಾಲ ಬಂದರೆ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಿಂದೆ ಲೈಟ್ ಇಲ್ಲದೆ. ಮಧ್ಯೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿನ ಲೇನ್‌ನಲ್ಲಿ ಎಷ್ಟು ಕಡಿಮೆ ಹೊತ್ತು ಇರುತ್ತೀರೋ ಅಷ್ಟು ಒಳ್ಳೆಯದು. ಹೈದರಾಬಾದಿಗೆ ಹೋಗುವಾಗ ಹುಮನಾಬಾದ್ ದಾಟಿ 65ನೇ ಹೆದ್ದಾರಿ ಹಿಡಿದ ಮೇಲೆ ಈ ಚಿಂತೆ ಇಲ್ಲ, ನಾಲ್ಕು ಲೇನ್, ಅಲ್ಲಿ ಎರಡೂ ಎಂಜಿನ್ ಒಂದೇ ಥರ ಅನ್ನಿಸಬಹುದು. ನಾವು ತಿಂಗಳಲ್ಲಿ ಜಾಸ್ತಿ ಓಡಾಡುವುದು ಬೀದರ್‌ಗೆ, ಹೆಂಡತಿಯ ತವರು. ಬೀದರ್ ನಮ್ಮೂರಿಗಿಂತ 200 ಮೀಟರಿಗಿಂತ ಜಾಸ್ತಿ ಎತ್ತರದಲ್ಲಿದೆ, ಹೋಗುವಾಗ ಏರು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಕಾಣುತ್ತದೆ.

ಊರೊಳಗೆ ಮಾತ್ರ ಪಾರ್ಟಿ ಬದಲಾಗುತ್ತದೆ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡೆ ಸಂಜೆ ಹೊತ್ತು ಗಾಡಿ ತೆವಳುವಾಗ ಟರ್ಬೊ ಮಂಕು. 1,800 ಆರ್‌ಪಿಎಂ ಕೆಳಗೆ ಅದು ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್, ಅಷ್ಟೇ. ಹಂಪ್ ದಾಟಿ ಎರಡನೇ ಗೇರ್‌ನಲ್ಲೇ ಎಳೆಯಲಿ ಅಂತ ಬಿಟ್ಟರೆ ತಡವರಿಸುತ್ತದೆ, ಒಂದನೇ ಗೇರಿಗೆ ಹಾಕಲೇಬೇಕಾಗುತ್ತದೆ. ಸಾದಾ 1.2 ಇಲ್ಲಿ ಬೆಣ್ಣೆ. ನಿಂತಾಗ ನಡುಕವೂ ಕಡಿಮೆ. ಊರೊಳಗೆ ಜಾಸ್ತಿ ಓಡಿಸುವುದು ನನ್ನ ಹೆಂಡತಿ, ಶಾಲೆ, ತರಕಾರಿ, ಆಸ್ಪತ್ರೆ ಎಲ್ಲಾ ಅವಳೇ, ಹಾಗಾಗಿ ಅವಳ ಮಾತಿಗೆ ನನ್ನ ಮಾತಿಗಿಂತ ತೂಕ ಇತ್ತು. ಅವಳು ಎರಡನ್ನೂ ಓಡಿಸಿ ನೋಡಿ, "ಊರಾಗ ನಾ ಹೆಂಗರ ಸಂಭಾಳಿಸ್ತೀನ್ರಿ, ರೋಡಿನ ಮ್ಯಾಲ ಮಕ್ಕಳು ಕುಂತಿರ್ತಾವ, ಟರ್ಬೊನೇ ತಗೊರಿ" ಅಂದಳು. ಅಲ್ಲಿಗೆ ನನ್ನ ಕಾಗದದ ಲೆಕ್ಕ ಬದಿಗೆ ಹೋಯಿತು.

ದುಡ್ಡಿನ ಲೆಕ್ಕ ಹಾಗೆ ಬದಿಗೆ ಹೋಗುವುದಿಲ್ಲ. ಶೋರೂಮ್‌ನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ 5ರಿಂದ 10 ಲಕ್ಷದ ಗಾಡಿಗೆ 14 ಪರ್ಸೆಂಟ್, 10 ಲಕ್ಷ ದಾಟಿದರೆ 17. ದಾಟಿದ ಭಾಗಕ್ಕೆ ಮಾತ್ರ 17 ಅಲ್ಲ, ಪೂರ್ತಿ ಬೆಲೆಗೆ. ಲೆಕ್ಕಕ್ಕೆ 9.70 ಲಕ್ಷದ ಗಾಡಿ ಇಟ್ಟುಕೊಳ್ಳಿ, ಟ್ಯಾಕ್ಸ್ 1,35,800. ಅದರ ಮೇಲಿನ ವೇರಿಯಂಟ್ 10.50 ಲಕ್ಷ ಇದ್ದರೆ 1,78,500. ಗಾಡಿಗೆ 80,000 ಜಾಸ್ತಿ ಕೊಟ್ಟಿರಿ, ಟ್ಯಾಕ್ಸ್‌ಗೆ 42,700 ಜಾಸ್ತಿ ಹೋಯಿತು, ಸೆಸ್ ಬೇರೆ. ನಾನು ತಗೊಳ್ಳುವಾಗ ಟರ್ಬೊದ ಮೊದಲ ಮೆಟ್ಟಿಲು 10 ಲಕ್ಷದ ಕೆಳಗಿತ್ತು, ಎರಡನೆಯದು ಮೇಲಿತ್ತು. ನಾವು ಕೆಳಗಿನದನ್ನೇ ತಗೊಂಡೆವು. ದೊಡ್ಡ ಸ್ಕ್ರೀನ್ ಇಲ್ಲ ಅಂತ ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ, ಅಂದರೆ 1,200 ಸಿಸಿ ಮತ್ತು 4 ಮೀಟರ್ ಎರಡರ ಒಳಗೂ ಇರುವುದಕ್ಕೆ, ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳಿದಿದೆ. ಈ ಎರಡೂ ಎಂಜಿನ್ ಅದರಲ್ಲಿ ಬರುತ್ತವೆ, ಹಾಗಾಗಿ ಯಾವ ವೇರಿಯಂಟ್ ಈಗ 10ರ ಗೆರೆ ದಾಟುತ್ತದೆ ಅಂತ ಹೊಸದಾಗಿ ನೋಡಿಕೊಳ್ಳಬೇಕು.

ಇನ್ಶೂರೆನ್ಸ್‌ನಲ್ಲಿ ಒಂದು ತಮಾಷೆ ಇದೆ. ಟರ್ಬೊ 998 ಸಿಸಿ, ಸಾದಾ 1,197. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆ, ಅದರ ದರ ಸಿಸಿ ನೋಡಿ ಹಾಕುತ್ತಾರೆ, ಪವರ್ ನೋಡಿ ಅಲ್ಲ. 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ ಹೊಸ ಕಾರಿನ ಮೂರು ವರ್ಷದ ಥರ್ಡ್ ಪಾರ್ಟಿ 1,000 ಸಿಸಿ ಒಳಗಿದ್ದರೆ 6,521 ರೂಪಾಯಿ, ಅದರ ಮೇಲೆ 1,500ರವರೆಗೆ 10,640. ಅಂದರೆ ಜಾಸ್ತಿ ಪವರ್ ಇರುವ ಗಾಡಿಗೆ ಕಡಿಮೆ ದುಡ್ಡು. ಗಾಡಿ ಬೆಲೆ ಜಾಸ್ತಿ ಇರುವುದರಿಂದ ಓನ್ ಡ್ಯಾಮೇಜ್‌ನಲ್ಲಿ, ಅಂದರೆ ನಮ್ಮ ಗಾಡಿಯದೇ ನಷ್ಟದ ವಿಮೆಯಲ್ಲಿ, ಒಂದಿಷ್ಟು ವಾಪಸ್ ಹೋಗುತ್ತದೆ ಬಿಡಿ.

ಆವರೇಜ್ ಬಗ್ಗೆ ಹೇಳಲೇಬೇಕು, ಇಲ್ಲದಿದ್ದರೆ ಊರವರು ಬಿಡುವುದಿಲ್ಲ. ಕಂಪನಿ ಲೆಕ್ಕದಲ್ಲಿ ಮ್ಯಾನ್ಯುವಲ್ ಗೇರಿನ ಸಾದಾ ಲೀಟರಿಗೆ 21.79 ಕಿಲೋಮೀಟರ್, ಟರ್ಬೊ 21.5, ಹೆಚ್ಚುಕಮ್ಮಿ ಒಂದೇ. ನನ್ನ ಟರ್ಬೊ ಊರೊಳಗೆ 12-13, ರಸ್ತೆಯಲ್ಲಿ 90 ದಾಟದೆ ಹೋದರೆ 18ರ ಆಸುಪಾಸು. ಜೋರಾಗಿ ಒತ್ತಿದರೆ ಈ ಅಂಕಿ ಬೇಗ ಬೀಳುತ್ತದೆ, ಒತ್ತಿ ತುಂಬಿದ ಗಾಳಿಗೆ ತಕ್ಕ ಪೆಟ್ರೋಲ್ ಹಾಕಲೇಬೇಕಲ್ಲ. ಯಾದಗಿರಿಯಲ್ಲಿರುವ ನನ್ನ ತಂಗಿಯ ಗಂಡ ಇದೇ ಕಾರಿನ ಸಾದಾ ಎಂಜಿನ್ ತಗೊಂಡಿದ್ದಾರೆ, ಅದರಲ್ಲೂ ಸಿಎನ್‌ಜಿ. ಅವರ ಓಡಾಟ ಮನೆ, ಅಂಗಡಿ, ಸ್ಟೇಷನ್, ಹಬ್ಬಕ್ಕೊಮ್ಮೆ ಗಾಣಗಾಪುರ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದೆ, ಸಾಮಾನಿಗೆ ಜಾಗ ಇಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ತಗೊಳ್ಳುತ್ತಿದ್ದೆ. ರಿಂಗ್ ರೋಡ್ ದಾಟುವುದು ಅಪರೂಪ ಅನ್ನುವವರಿಗೆ ಟರ್ಬೊ ದಂಡ.

ನೋಡಿಕೊಳ್ಳುವ ವಿಷಯದಲ್ಲಿ ಟರ್ಬೊ ಸ್ವಲ್ಪ ನಾಜೂಕು. ಆ ಸಣ್ಣ ಚಕ್ರ ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ, ಅದನ್ನು ಕಾಯುವುದು ತೆಳುವಾದ ಆಯಿಲ್ ಪದರ ಮಾತ್ರ. ಹುಮನಾಬಾದ್ ಬೇಸ್ ಹತ್ತಿರದ ನಮ್ಮ ಹಳೆಯ ಮೆಕ್ಯಾನಿಕ್ ಭಾಯ್ ಹೇಳಿದ್ದು ಇಷ್ಟೇ: "ಆಯಿಲ್‌ನಾಗ ಕಂಜೂಸಿ ಮಾಡಬ್ಯಾಡ್ರಿ, ಮತ್ತ ಜೋರ್ ಹೊಡ್ಕೊಂಡು ಬಂದು ಒಮ್ಮೆಲೇ ಚಾವಿ ತಿರುವಬ್ಯಾಡ್ರಿ." ಮ್ಯಾನ್ಯುವಲ್‌ನಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತಿದೆ, ನಾನು ಈ ಧೂಳು ಈ ಬಿಸಿಲು ನೋಡಿ ಅದಕ್ಕಿಂತ ಮೊದಲೇ ಬದಲಿಸುತ್ತೇನೆ. ಹೆದ್ದಾರಿಯಲ್ಲಿ ಜೋರಾಗಿ ಬಂದು ಧಾಬಾದ ಮುಂದೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಹಾಗೇ ಬಿಡುತ್ತೇನೆ, ಮಕ್ಕಳು ಇಳಿದು ಚಪ್ಪಲಿ ಹುಡುಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಎರೆ ಮಣ್ಣಿನ ಧೂಳು ಏರ್ ಫಿಲ್ಟರ್‌ಗೆ ಎಷ್ಟು ಬೇಗ ಅಂಟುತ್ತದೆ ಅಂದರೆ ತೊಗರಿ ರಾಶಿ ಕಾಲದಲ್ಲಿ ಹೊಲದ ಕಡೆ ಹೋಗಿ ಬಂದ ಮೇಲೆ ಬಾನೆಟ್ ಎತ್ತಿ ನೋಡುವುದು ರೂಢಿಯಾಗಿದೆ.

ಬೇರೆ ಕಾರು ನೋಡುತ್ತಿರುವವರು ಇದೇ ರೀತಿ ಟಾರ್ಕ್ ಸಾಲು ಓದಿ. ಹುಂಡೈ ವೆನ್ಯೂದಲ್ಲಿ ಸಾದಾ 1.2ಗೆ 114 ನ್ಯೂಟನ್ ಮೀಟರ್, ಟರ್ಬೊಗೆ 172. ನಿಸಾನ್ ಮ್ಯಾಗ್ನೈಟ್‌ನಲ್ಲಿ 96 ಮತ್ತು 160, ಎರಡೂ ಒಂದೇ ಲೀಟರ್. ಕಿಯಾ ಕ್ಯಾರೆನ್ಸ್ 1.5ರಲ್ಲಿ 144 ಮತ್ತು 253, ಅದಂತೂ ಬೇರೆ ಗಾಡಿನೇ ಅನ್ನಬೇಕು. ಏಳು ಜನ ಕೂತು ಸಾಮಾನು ಹೇರುವವರಾದರೆ ಅಲ್ಲಿ ಸಾದಾ ಬಗ್ಗೆ ನಾನು ಯೋಚನೆಯನ್ನೂ ಮಾಡುವುದಿಲ್ಲ.

ಆಟೊಮ್ಯಾಟಿಕ್ ಬೇಕು ಅನ್ನುವವರಿಗೆ ಪ್ರಶ್ನೆಯೇ ಬದಲಾಗುತ್ತದೆ. ಫ್ರಾಂಕ್ಸ್ ಸಾದಾದಲ್ಲಿ ಸಿಗುವುದು ಎಎಂಟಿ, ಅಂದರೆ ಮ್ಯಾನ್ಯುವಲ್ ಗೇರ್‌ಬಾಕ್ಸನ್ನೇ ಯಂತ್ರ ತಾನಾಗಿ ಬದಲಿಸುವುದು, ಗೇರ್ ಬೀಳುವಾಗ ತಲೆ ಸ್ವಲ್ಪ ಮುಂದೆ ಹಿಂದೆ ಆಗುತ್ತದೆ. ಟರ್ಬೊದಲ್ಲಿ ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ ಆಟೊಮ್ಯಾಟಿಕ್, ನಯವಾಗಿದೆ, ಊರೊಳಗಿನ ಆ ಮಂಕುತನವೂ ಬಹಳಷ್ಟು ಮುಚ್ಚಿಹೋಗುತ್ತದೆ. ಹೆಂಡತಿಗೆ ಇಷ್ಟವೂ ಆಗಿತ್ತು. ಆನ್‌ರೋಡ್ ಚೀಟಿಯಲ್ಲಿ ಟ್ಯಾಕ್ಸ್ ಸಾಲು ನೋಡಿ ಅವಳೇ ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.