ಕಡಪ ಕಲ್ಲಿನ ಮೇಲಿನ ಫೋನ್

"ಏಳು ಸಾವಿರದ ಹಳೆಯ ಫೋನಿನಲ್ಲಿ ಜಾಲತಾಣದ ವೇಗ ಅಳೆಯುತ್ತೀಯಾ? ಅದರ ಅಂಕಿಗಳು ಬರೀ ಕಸ" ಎಂದು ಬೆಂಗಳೂರಿನ ಗೆಳೆಯ ನಕ್ಕು ಒಂದೂವರೆ ವರ್ಷವಾಯಿತು. ಕಳೆದ ದಸರೆಗೆ ಮುಂಚೆ ಅದೇ ಫೋನ್ ನನ್ನ ಗಿರಾಕಿಯ ಹಂಗಾಮನ್ನು ಉಳಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಿರಾಕಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಾಹುಕಾರರು. ಸಗಟು ಆರ್ಡರುಗಳು ನಾನು ನೋಡಿಕೊಳ್ಳುವ ಅವರ ಜಾಲತಾಣದಲ್ಲೇ ಬರುತ್ತವೆ. ಕೊಳ್ಳುವವರು ಸಿಂಧನೂರು, ಯಾದಗಿರಿ, ಅನಂತಪುರ ಕಡೆಯ ಸಣ್ಣ ಅಂಗಡಿಯವರು. ನನ್ನ ಲ್ಯಾಪ್‌ಟಾಪಿನಲ್ಲಿ ಲೈಟ್‌ಹೌಸ್ (ತಾಣದ ವೇಗ ಅಳೆಯುವ ಗೂಗಲ್‌ನ ಉಪಕರಣ) ನೂರಕ್ಕೆ 90ರ ಮೇಲೆ ಅಂಕ ಕೊಡುತ್ತಿದ್ದರೆ, ಅತ್ತ ಅವರು "ಪ್ಯಾಂಟಿನ ಚಿತ್ರವೇ ಬರುತ್ತಿಲ್ಲ" ಎಂದು ಸಾಹುಕಾರರಿಗೆ ಫೋನ್ ಮಾಡುತ್ತಿದ್ದರು. ಮೊಬೈಲ್ ಲೆಕ್ಕದಲ್ಲಿ ಲೈಟ್‌ಹೌಸ್ 1.6 ಎಂಬಿಪಿಎಸ್ ವೇಗ, 150 ಮಿಲಿಸೆಕೆಂಡ್ ವಿಳಂಬ ಎಂದು ಊಹಿಸಿಕೊಳ್ಳುತ್ತದೆ. ಊಹೆ ಏಕೆ, ಅಸಲಿ ಸಿಮ್ ಇರುವ ಅಸಲಿ ಫೋನನ್ನೇ ಕೂರಿಸೋಣ ಎಂದು ನಾನು ಹಟ ಹಿಡಿದೆ.

ಜೋಡಣೆ ಸರಳ: ಮೂಲೆಗೆ ಬಿದ್ದಿದ್ದ ಪಿಸಿ, ಅದರಲ್ಲಿ ಉಬುಂಟು, ಎಡಿಬಿ (ಪಿಸಿಯಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಉಪಕರಣ) ಮೂಲಕ ಫೋನಿನ ಕ್ರೋಮ್‌ಗೆ ದಾರಿ, ಥ್ರಾಟ್ಲಿಂಗ್ ಎಂಬ ಕೃತಕ ನಿಧಾನ ಪೂರ್ತಿ ಬಂದ್, ಹೊತ್ತಿಗೆ ಸರಿಯಾಗಿ ತಾನೇ ಓಡಿಸಲು ಕ್ರಾನ್, ಫಲಿತಾಂಶಕ್ಕೆ ಟೆಲಿಗ್ರಾಮ್ ಸಂದೇಶ. ಒಂದು ಭಾನುವಾರದ ಕೆಲಸ. ನೆಟ್ಟಗಾಗಲು ಮಾತ್ರ ಐದು ತಿಂಗಳು ಹಿಡಿಯಿತು.

ಮೊದಲ ಪೆಟ್ಟು ಬಿಸಿಲಿನದು. ಏಪ್ರಿಲ್‌ನಲ್ಲಿ ಬೆಳಗಿನ ಎಲ್‌ಸಿಪಿ (ಪುಟದ ಅತಿ ದೊಡ್ಡ ಚಿತ್ರ ಅಥವಾ ಬರಹ ಕಾಣಲು ಹಿಡಿಯುವ ಹೊತ್ತು) ಸುಮಾರು 4 ಸೆಕೆಂಡ್ ಇದ್ದರೆ ಮಧ್ಯಾಹ್ನ 8 ದಾಟುತ್ತಿತ್ತು. ಹಿಂದಿನ ದಿನ ಸೇರಿಸಿದ್ದ ಕೋಡ್‌ನದೇ ತಪ್ಪೆಂದು ಎಲ್ಲವನ್ನೂ ವಾಪಸ್ ತೆಗೆದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ. ಹೀಗೆ ಎರಡು ದಿನ ಹಾಳಾಯಿತು. ಮೂರನೆಯ ದಿನ ಫೋನನ್ನು ಕೈಗೆತ್ತಿಕೊಂಡರೆ ಹೆಂಚಿನಿಂದ ಇಳಿಸಿದ ರೊಟ್ಟಿಯಂತೆ ಸುಡುತ್ತಿತ್ತು. ಕಾವೇರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೆ. ಈಗ ಪರೀಕ್ಷೆಯ ಪ್ರತಿ ಓಟಕ್ಕೆ ಮುಂಚೆ ಎಡಿಬಿಯಲ್ಲಿ ಬ್ಯಾಟರಿಯ ಉಷ್ಣಾಂಶ ಓದುತ್ತೇನೆ. 380 ಎಂದು ಬಂದರೆ 38 ಡಿಗ್ರಿ ಎಂದರ್ಥ. ಅದಕ್ಕಿಂತ ಹೆಚ್ಚಿದ್ದರೆ ಓಟ ರದ್ದು. ಫೋನನ್ನು ಮೇಜಿನಿಂದ ಇಳಿಸಿ ಕಿಟಕಿಯಿಂದ ದೂರದ ಕಡಪ ಕಲ್ಲಿನ ಮೇಲೆ ಇಟ್ಟಿದ್ದೇನೆ. ಸದಾ ಚಾರ್ಜಿನಲ್ಲಿದ್ದು ಒಂದು ಬ್ಯಾಟರಿ ಉಬ್ಬಿಹೋಗಿ ಎಂಟುನೂರು ರೂಪಾಯಿ ದಂಡವಾಯಿತು. ಅದು ಮತ್ತೆ ಉಬ್ಬದಂತೆ ಮಾಡಿಕೊಂಡ ಉಪಾಯವನ್ನು ಸದ್ಯಕ್ಕೆ ಹೇಳುವುದಿಲ್ಲ.

ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿತ್ತು: ಒಂಟಿ ಓಟದ ಅಂಕಿಯನ್ನು ನಂಬುವಂತಿಲ್ಲ. ಹಾಗಾಗಿ ರಾತ್ರಿ ಎರಡಕ್ಕೆ ಐದು ಓಟ, ಮಧ್ಯದ ಅಂಕಿಗೆ ಮಾತ್ರ ಬೆಲೆ. ಸತತ ಎರಡು ರಾತ್ರಿ ತಾಣ ಶೇ 20ಕ್ಕಿಂತ ಹೆಚ್ಚು ನಿಧಾನವಾದರೆ ಮಾತ್ರ ಎಚ್ಚರಿಕೆ. ಸಂಜೆ ಎಂಟಕ್ಕೆ ಇನ್ನೊಂದು ಸುತ್ತು ಓಡಿಸುತ್ತೇನೆ, ಅದು ಎಚ್ಚರಿಕೆಗಲ್ಲ, ಅಂಗಡಿಯವರ ಕಷ್ಟ ಮರೆಯದಿರಲಿ ಎಂದು.

ಎರಡನೆಯ ಪೆಟ್ಟು ದುಡ್ಡಿನದು. ಹುಮ್ಮಸ್ಸಿನಲ್ಲಿ ಕೆ6 (ತಾಣ ಎಷ್ಟು ಜನರ ಹೊರೆ ತಡೆಯುತ್ತದೆಂದು ನೋಡುವ ಉಪಕರಣ) ಹಾಕಿ ಇನ್ನೂರು ಕಾಲ್ಪನಿಕ ಗಿರಾಕಿಗಳನ್ನು ಒಮ್ಮೆಗೇ, ಮತ್ತೆ ಮತ್ತೆ ಲಾಗಿನ್‌ಗೆ ನುಗ್ಗಿಸಿದೆ. ಪರೀಕ್ಷೆಯ ಖಾತೆಗೆ ಇದ್ದದ್ದು ಸಾಹುಕಾರರ ಗುಮಾಸ್ತರ ನಂಬರ್. ಒಟಿಪಿಗಳು ಸಾಲುಗಟ್ಟಿ ಹೊರಟವು. ಐದಾರು ಸಾವಿರ ಎಸ್ಸೆಮ್ಮೆಸ್, ಹೆಚ್ಚುಕಡಿಮೆ ಸಾವಿರದ ಇನ್ನೂರು ರೂಪಾಯಿ. ಅದೂ ಹೋಗಲಿ ಎನ್ನೋಣ. ಎಸ್ಸೆಮ್ಮೆಸ್ ಖಾತೆ ಬರಿದಾಗಿ ಅಸಲಿ ಗಿರಾಕಿಗಳಿಗೆ ಸಂಜೆಯವರೆಗೆ ಒಟಿಪಿಯೇ ಹೋಗಲಿಲ್ಲ. "ನಿಮ್ಮ ಪರೀಕ್ಷೆಯಲ್ಲಿ ನೀವು ಪಾಸಾದಿರಿ, ನಾವು ನಪಾಸು" ಎಂದರು ಗುಮಾಸ್ತರು. ಆ ದುಡ್ಡು ನನ್ನ ಬಿಲ್ಲಿನಲ್ಲೇ ಮುರಿದುಕೊಂಡರು. ಅಂದಿನಿಂದ ಹೊರೆಯ ಪರೀಕ್ಷೆ ಬೇರೆ ಸರ್ವರಿನಲ್ಲಿ, ಒಟಿಪಿ ನಕಲಿ.

ನಡುವೆ ಕನ್ನಡ ಫಾಂಟಿಗೂ ಕೈ ಹಾಕಿದೆ. ತೂಕ ಇಳಿಸಲು ಯಾವುದೋ ಪುಕ್ಕಟೆ ಉಪಕರಣದಲ್ಲಿ ಬೇಡದ ಭಾಗಗಳನ್ನು ಕತ್ತರಿಸಿದೆ. ಫೈಲ್ ಮೂರನೆಯ ಒಂದು ಭಾಗಕ್ಕೆ ಇಳಿಯಿತು, ಜೊತೆಗೆ ಒತ್ತಕ್ಷರಗಳೂ ಹೋದವು. ಅಕ್ಷರ ಜೋಡಿಸುವ ಜಿಸಬ್ ಕೋಷ್ಟಕವನ್ನೇ ಅದು ಕಿತ್ತೆಸೆದಿತ್ತು. ಬಳ್ಳಾರಿಯ ತಾಣದಲ್ಲಿ 'ಬಳ್ಳಾರಿ'ಯೇ ಒಡೆದು ಕಾಣುತ್ತಿತ್ತು. ಪೈಎಫ್‌ಟಿಸಬ್‌ಸೆಟ್ ಎಂಬ ಉಪಕರಣದಲ್ಲಿ ಲೇಔಟ್ ಫೀಚರುಗಳನ್ನೆಲ್ಲ (ಅಕ್ಷರ ಜೋಡಣೆಯ ನಿಯಮಗಳನ್ನು) ಉಳಿಸಿಕೊಂಡು ಕತ್ತರಿಸಿದ ಮೇಲೆ ಸರಿಹೋಯಿತು.

ಚಿತ್ರಗಳ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಮುಖಪುಟ ಆರು ಎಂಬಿ ಇತ್ತು, ಚಿತ್ರಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ಬದಲಿಸಿದ ಮೇಲೆ ಒಂದಕ್ಕೂ ಕಡಿಮೆ. ಎಲ್‌ಸಿಪಿ ರಾತ್ರಿ 2.3ರ ಆಸುಪಾಸಿಗೆ ಬಂತು, 2.5ರೊಳಗಿದ್ದರೆ ಗೂಗಲ್ ಕೂಡ ಒಳ್ಳೆಯದೆನ್ನುತ್ತದೆ.

ಇನ್ನು ದಸರೆಯ ಕಥೆ. ಹಬ್ಬಕ್ಕೆ ಮೂರು ವಾರವಿದ್ದಾಗ ಸತತ ಎರಡನೆಯ ರಾತ್ರಿಯೂ ಎಲ್‌ಸಿಪಿ 5.8 ಬಂತು. ಕೋಡ್ ನಾನು ಮುಟ್ಟಿರಲಿಲ್ಲ. ಹುಡುಕಿದರೆ, ಸಾಹುಕಾರರ ಮಗ ಯಾರದೋ ಮಾತು ಕೇಳಿ ಚಾಟ್ ಪೆಟ್ಟಿಗೆಯೊಂದರ ಸ್ಕ್ರಿಪ್ಟನ್ನು ಪುಟದ ಕೋಡ್‌ನ ತಲೆಭಾಗದಲ್ಲೇ ಅಂಟಿಸಿದ್ದ. ಅವನ ಐಫೋನಿನಲ್ಲಿ ಎಲ್ಲವೂ ಸರಾಗವಾಗಿತ್ತು. ನಾನು ಕಲ್ಲಿನ ಮೇಲಿದ್ದ ಫೋನನ್ನೇ ತೆಗೆದುಕೊಂಡು ಹೋಗಿ ಅವರ ಗಲ್ಲಾಪೆಟ್ಟಿಗೆಯ ಮುಂದೆ ಇಟ್ಟು ತಾಣ ತೆರೆದೆ. ಸಾಹುಕಾರರು ಬೆರಳು ಮಡಿಸುತ್ತ ಆರರವರೆಗೆ ಎಣಿಸಿ ಮಗನ ಮುಖ ನೋಡಿದರು. ಪೆಟ್ಟಿಗೆ ಅಂದೇ ಹೋಯಿತು. ಅಲ್ಲಿಂದೀಚೆಗೆ ಈ ಪರೀಕ್ಷೆಗೆಂದೇ ತಿಂಗಳಿಗೆ ಸಾವಿರದ ಐನೂರು ಕೊಡುತ್ತಾರೆ.

ಎರಡನೆಯ ಫೋನ್ ಈಗ ಸಿರುಗುಪ್ಪದಲ್ಲಿ, ನನ್ನ ಭಾವಮೈದುನನ ಗೊಬ್ಬರದ ಅಂಗಡಿಯಲ್ಲಿದೆ. ಅಲ್ಲಿನ ಅಂಕಿಗಳು ಬಳ್ಳಾರಿಗಿಂತ ಒಂದೂವರೆ ಪಟ್ಟು ನಿಧಾನ. ನಕ್ಕ ಗೆಳೆಯ ಮೊನ್ನೆ ಸ್ಕ್ರಿಪ್ಟ್ ಕೇಳಿದ. ಕೊಟ್ಟೆ, ಬ್ಯಾಟರಿಯ ಉಪಾಯ ಬಿಟ್ಟು.