ಕೈ ಕುದುರಿದ ದಿನದ ಲೆಕ್ಕ

ಮೈಸೂರಿನ ಕಾಲೇಜಿನಲ್ಲಿ ಆಡುವಾಗ ನಮ್ಮದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟ್. ಯಾರಾದರೂ ಸಾಲಾಗಿ ಮೂರು ಶಾಟ್ ಹಾಕಿದರೆ ಸಾಕು, "ಇವತ್ತು ಅವನ ಕೈ ಕುದುರಿದೆ, ಅವನಿಗೇ ಕೊಡ್ರೋ" ಅಂತ ಕೂಗು ಏಳುತ್ತಿತ್ತು. ನಾಲ್ಕನೆಯದು ರಿಂಗಿಗೆ ಬಡಿದು ಆಚೆ ಹಾರಿದರೆ ಬೈಗುಳವೂ ಅವನಿಗೇ. ನಾನಂತೂ ಆ ಮೂರು ಹಾಕುವ ಪೈಕಿ ಅಲ್ಲ. ಬೆಂಚಿನ ಮೇಲೆ ಕೂತು ಕೂಗುವ ಪೈಕಿ.

ಈಗ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದೇನೆ. ಮಾರ್ಚ್ ಬಂದರೆ ಇಲ್ಲಿ ಆಫೀಸಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಲೇಜುಗಳ ರಾಷ್ಟ್ರೀಯ ಟೂರ್ನಮೆಂಟಿನ 2003ರ ಫೈನಲ್ ಮಾತು ಬಂತು. ಸಿರಾಕ್ಯೂಸ್ 81, ಕ್ಯಾನ್ಸಸ್ 78. "ಜೆರ್ರಿ ಮೆಕ್‌ನಮಾರಾ ಅವತ್ತು ಮ್ಯಾಚ್ ಪೂರ್ತಿ ತ್ರೀ ಪಾಯಿಂಟರ್ ಸುರಿಸಿದ" ಅಂದೆ. ಸಿರಾಕ್ಯೂಸ್ ಹುಡುಗ ಅವನು; ತ್ರೀ ಪಾಯಿಂಟರ್ ಅಂದರೆ ದೂರದ ಗೆರೆಯ ಆಚೆಯಿಂದ ಹಾಕುವ, ಮೂರು ಪಾಯಿಂಟಿನ ಶಾಟ್. ಎದುರಿಗಿದ್ದವನು ನ್ಯೂಯಾರ್ಕ್ ಕಡೆಯವನು. ನಕ್ಕುಬಿಟ್ಟ. ಆರು ಬಿದ್ದಿದ್ದು ನಿಜ, ಆರೂ ಫಸ್ಟ್ ಹಾಫ್‌ನಲ್ಲೇ ಬಿದ್ದವು, ಸೆಕೆಂಡ್ ಹಾಫ್‌ನಲ್ಲಿ ಒಂದೂ ಇಲ್ಲ ಅಂದ. ಮನೆಗೆ ಬಂದು ನೋಡಿದರೆ ಅವನು ಹೇಳಿದ್ದೇ ಸರಿ. ನಾನು ಆ ಮ್ಯಾಚನ್ನು ಕಣ್ಣಾರೆ ಟಿವಿಯಲ್ಲಿ ನೋಡಿದ್ದವನು! ಅರ್ಧ ಮ್ಯಾಚಿನ ಬೆಂಕಿಯನ್ನು ನನ್ನ ತಲೆ ಪೂರ್ತಿ ಮ್ಯಾಚಿಗೆ ಹಚ್ಚಿಬಿಟ್ಟಿತ್ತು.

ಸ್ಕೋರ್‌ಶೀಟಿನಲ್ಲೂ ಇದು ಗೊತ್ತಾಗುವುದಿಲ್ಲ. ಒಬ್ಬ ಎಷ್ಟು ಎಸೆದ, ಎಷ್ಟು ಬಿತ್ತು ಅಂತ ಮಾತ್ರ ಅದರಲ್ಲಿರುತ್ತದೆ. ಯಾವಾಗ ಬಿತ್ತು, ಯಾವುದರ ಹಿಂದೆ ಯಾವುದು ಅಂತ ಇರುವುದಿಲ್ಲ. ಕೈ ಕುದುರಿತ್ತೋ ಇಲ್ಲವೋ ಅಂತ ಹೇಳಬೇಕಾದರೆ ಬೇಕಾಗಿರುವುದೇ ಆ ಕ್ರಮ. ಹಾಗಾಗಿ ಹಳೇ ಮ್ಯಾಚ್‌ಗಳ ವಿಡಿಯೊ ಹಾಕಿಕೊಂಡು ಒಂದೊಂದೇ ಶಾಟ್ ಬರೆಯಲು ಕೂತೆ.

ಮಗಳ ಶಾಲೆಯ ಉದ್ದ ನೋಟ್‌ಬುಕ್ ತೆಗೆದುಕೊಂಡೆ. ಮೊದಲ ಸಾಲಿನಲ್ಲಿ ಗಡಿಯಾರದ ಸಮಯ. ಆಮೇಲೆ ಎರಡು ಪಾಯಿಂಟಿನದೋ ಮೂರರದೋ. ಬಿದ್ದರೆ "ಬಿ", ತಪ್ಪಿದರೆ "ತ". ಶುರುವಿನಲ್ಲಿ ಇಷ್ಟೇ. ರಾತ್ರಿ ಹತ್ತರ ಮೇಲೆ ಸೋಫಾದಲ್ಲಿ ಕೂತು ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡುವುದು. "ರೀ, ಯಾರು ಗೆದ್ದರು ಅಂತ ಗೊತ್ತಿರೋ ಮ್ಯಾಚ್ ಅಲ್ವಾ ಇದು?" ಅಂತ ಹೆಂಡತಿ ಎರಡು ದಿನ ಕೇಳಿದಳು. ಮೂರನೇ ದಿನ ಬಾಗಿಲು ಹಾಕಿಕೊಂಡು ಮಲಗಿದಳು.

ಮೊದಲು ಹಿಡಿದಿದ್ದು 2008ರ ಸ್ಟೀಫನ್ ಕರ್ರಿಯನ್ನು. ಮುಂದೆ ಎನ್‌ಬಿಎ ಅನ್ನುವ ವೃತ್ತಿಪರ ಲೀಗಿನ ತಾರೆಯಾದವನು, ಆಗ ಡೇವಿಡ್‌ಸನ್ ಅನ್ನುವ ಸಣ್ಣ ಕಾಲೇಜಿನ ಹುಡುಗ. ಆ ಸಲದ ಟೂರ್ನಮೆಂಟಿನ ಅವರ ಮೊದಲೆರಡು ಮ್ಯಾಚ್ ನಡೆದಿದ್ದು ನಮ್ಮ ಪಕ್ಕದ ರಾಲಿಯಲ್ಲೇ. ಗೊಂಜಾಗ ವಿರುದ್ಧ 40 ಪಾಯಿಂಟ್, ಅದರಲ್ಲಿ 30 ಸೆಕೆಂಡ್ ಹಾಫ್‌ನಲ್ಲಿ. 10 ತ್ರೀ ಎಸೆದು 8 ಹಾಕಿದ್ದ. ಎರಡು ದಿನ ಬಿಟ್ಟು ಜಾರ್ಜ್‌ಟೌನ್ ವಿರುದ್ಧ ಫಸ್ಟ್ ಹಾಫ್‌ನಲ್ಲಿ ಬರೀ 5, ಸೆಕೆಂಡ್ ಹಾಫ್‌ನಲ್ಲಿ 25. ತಂಡ 17 ಪಾಯಿಂಟ್ ಹಿಂದೆ ಬಿದ್ದಿದ್ದು ಕೊನೆಗೆ 74-70ಕ್ಕೆ ಗೆದ್ದಿತು. ಕುದುರುವುದು ಅಂದರೆ ಇದೇ ಅಲ್ವಾ ಅಂದುಕೊಂಡು ಬರೆಯುತ್ತಾ ಹೋದೆ.

ಬರೆದಿದ್ದನ್ನು ಕೂಡಿದರೆ 30 ಬರಲಿಲ್ಲ. ಎರಡು ಸಲ ಕೂಡಿದೆ. ಆಮೇಲೆ ಹೊಳೆಯಿತು, ಫ್ರೀ ಥ್ರೋಗಳನ್ನು, ಅಂದರೆ ಎದುರಾಳಿ ತಪ್ಪು ಮಾಡಿದಾಗ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಶಾಟ್‌ಗಳನ್ನು, ಬರೆದೇ ಇರಲಿಲ್ಲ. ರಾತ್ರಿ ಒಂದೂವರೆಗೆ ಮತ್ತೆ ಮೊದಲಿನಿಂದ. ಅವತ್ತಿನಿಂದ ಒಂದು ಕಟ್ಟುಪಾಡು ಮಾಡಿಕೊಂಡೆ. ಸ್ಕೋರ್‌ಶೀಟನ್ನು ಪಕ್ಕದಲ್ಲೇ ಇಟ್ಟುಕೊಳ್ಳುವುದು, ಪ್ರತಿ ಹಾಫ್ ಮುಗಿದಾಗ ಕೂಡಿ ನೋಡುವುದು, ತಾಳೆಯಾಗದೆ ಮುಂದೆ ಹೋಗದಿರುವುದು. ಹಳೇ ಪ್ರಸಾರಗಳಲ್ಲಿ ಇನ್ನೊಂದು ಕಾಟ ಇದೆ. ಹಿಂದಿನ ಶಾಟನ್ನೇ ಮತ್ತೆ ತೋರಿಸುತ್ತಾ ಕೂರುತ್ತಾರೆ, ಅಷ್ಟರಲ್ಲಿ ಇಲ್ಲಿ ಹೊಸದೊಂದು ಆಗಿಹೋಗಿರುತ್ತದೆ. ಸಂಖ್ಯೆ ತಾಳೆ ನೋಡದಿದ್ದರೆ ಅದು ಬಿಟ್ಟುಹೋಗಿದ್ದೇ ತಿಳಿಯುವುದಿಲ್ಲ.

1995ರ ರ‍್ಯಾಂಡಾಲ್ಫ್ ಚಿಲ್ಡ್ರೆಸ್ ಪುಟ ಬರೆದ ರಾತ್ರಿ ಮಾತ್ರ ಮರೆಯಲಾರೆ. ವೇಕ್ ಫಾರೆಸ್ಟಿನ ಗಾರ್ಡ್. ಅದೇ ತಂಡದಲ್ಲಿ ಮುಂದೆ ಎನ್‌ಬಿಎಯಲ್ಲಿ ದೊಡ್ಡ ಹೆಸರು ಮಾಡಿದ ಟಿಮ್ ಡಂಕನ್ ಇದ್ದ, ಆದರೂ ಆ ವಾರ ಚಿಲ್ಡ್ರೆಸ್‌ನದೇ. ಗ್ರೀನ್ಸ್‌ಬರೋದಲ್ಲಿ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅನ್ನುವ ಕಾಲೇಜುಗಳ ಕೂಟ) ಟೂರ್ನಮೆಂಟ್, ಮೂರು ದಿನ ಮೂರು ಮ್ಯಾಚ್. ಡ್ಯೂಕ್ ವಿರುದ್ಧ 40, ವರ್ಜೀನಿಯಾ ವಿರುದ್ಧ 30, ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ವಿರುದ್ಧ 37. ಒಟ್ಟು 107. 1957ರಿಂದ ಲೆನ್ನಿ ರೋಸೆನ್‌ಬ್ಲೂತ್ ಹೆಸರಲ್ಲಿದ್ದ ಆ ಟೂರ್ನಮೆಂಟಿನ 106ರ ದಾಖಲೆ ಒಂದೇ ಪಾಯಿಂಟಿನಲ್ಲಿ ಹೋಯಿತು. ಫೈನಲ್ ಓವರ್‌ಟೈಮಿಗೆ ಹೋಗಿ 82-80ಕ್ಕೆ ಮುಗಿಯಿತು. ಓವರ್‌ಟೈಮಿನಲ್ಲಿ ವೇಕ್ ಫಾರೆಸ್ಟ್ ಮಾಡಿದ 9 ಪಾಯಿಂಟೂ ಇವನದೇ.

ಆ ಫೈನಲ್‌ನಲ್ಲಿ ಒಂದು ಗಳಿಗೆ ಇದೆ. ನಾರ್ತ್ ಕೆರೊಲಿನಾದ ಜೆಫ್ ಮೆಕಿನಿಸ್ ಇವನನ್ನು ಕಾಯುತ್ತಿದ್ದಾನೆ. ಚಿಲ್ಡ್ರೆಸ್ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾನೆ. ಮೆಕಿನಿಸ್ ಕಾಲು ಜಾರಿ ಕೆಳಗೆ. ಬೇರೆ ಯಾರಾದರೂ ಆಗಿದ್ದರೆ ಥಟ್ಟನೆ ಎಸೆದುಬಿಡುತ್ತಿದ್ದರು. ಇವನು ಬಿದ್ದವನಿಗೆ ಕೈ ಸನ್ನೆ ಮಾಡುತ್ತಾನೆ. ಏಳಪ್ಪಾ, ಎದ್ದು ಬಾ ಅನ್ನುವ ಹಾಗೆ. ಆಮೇಲೆ ಎಸೆಯುತ್ತಾನೆ. ಮೂರು ಪಾಯಿಂಟ್. ನಾನು ಅದನ್ನು ಏಳೆಂಟು ಸಲ ಹಿಂದೆ ಸರಿಸಿ ನೋಡಿದೆ. ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದಿದ್ದು ಒಂದು "ಬಿ". ಅದರ ಹಿಂದಿನ "ಬಿ", ಮುಂದಿನ "ಬಿ" ಹೇಗೋ ಇದೂ ಹಾಗೇ. ಇಲ್ಲಿಯ ಜನ ಇಷ್ಟು ವರ್ಷ ಆದರೂ ಆ ಒಂದು "ಬಿ"ಯನ್ನು ಹತ್ತು "ಬಿ" ಆಗಿ ನೆನಪಿಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಪುಟ ತುಂಬಿದ ಮೇಲೆ ಅದನ್ನು ಓದುವುದು ಹೇಗೆ ಅನ್ನುವುದು ಬೇರೆ ತಲೆನೋವು. ಸಾಲಾಗಿ ಐದು "ಬಿ" ಕಂಡ ತಕ್ಷಣ ಕುದುರಿತು ಅನ್ನಬಹುದಾ? ಇದಕ್ಕೆ ಜೆಫ್ ಫ್ರೈಯರ್‌ನನ್ನು ಹಿಡಿದೆ. 1990ರಲ್ಲಿ ಲೊಯೊಲಾ ಮೇರಿಮೌಂಟ್ ತಂಡದಿಂದ ಮಿಷಿಗನ್ ವಿರುದ್ಧ 15 ತ್ರೀ ಎಸೆದು 11 ಹಾಕಿದವನು. ತಂಡದ ಹ್ಯಾಂಕ್ ಗ್ಯಾದರ್ಸ್ ಕೋರ್ಟ್ ಮೇಲೆ ಕುಸಿದು ಬಿದ್ದು ತೀರಿಕೊಂಡು ಆಗ ಎರಡು ವಾರ ಆಗಿತ್ತು. ಸ್ಕೋರ್ 149-115. ಇವತ್ತಿಗೂ ಅಂಥ ಸ್ಕೋರ್ ನೋಡಿದರೆ ಅಚ್ಚಿನ ತಪ್ಪು ಅನ್ನಿಸುತ್ತದೆ.

15 ಚೀಟಿ ಕತ್ತರಿಸಿ 11ರ ಮೇಲೆ "ಬಿ", 4ರ ಮೇಲೆ "ತ" ಬರೆದು ಸಾಸಿವೆ ಡಬ್ಬಿಗೆ ಹಾಕಿ ಕುಲುಕಿದೆ. ಮಗಳು ಒಂದೊಂದೇ ತೆಗೆದಳು. ಐದು "ಬಿ" ಸಾಲಾಗಿ ಬಂದವು. "ಅಪ್ಪಾ, ಡಬ್ಬಿಗೆ ಕೈ ಕುದುರಿಬಿಟ್ಟಿದೆ!" ಅಂತ ಕುಣಿದಳು. ಮತ್ತೆ ಕುಲುಕಿದರೂ ಉದ್ದುದ್ದ ಸಾಲುಗಳೇ. ಯೋಚಿಸಿದರೆ ಹಾಗೇ ಆಗಬೇಕು. ನಾಲ್ಕು "ತ" ನಡುವೆ, ಆಚೆ ಈಚೆ ಸೇರಿ ಐದೇ ಸಂದು. 11 "ಬಿ"ಗಳನ್ನು ಐದು ಸಂದಿಗೆ ಹಂಚಿದರೆ ಒಂದರಲ್ಲಾದರೂ ಮೂರು ಇದ್ದೇ ಇರಬೇಕು. ಬರೀ ಸಾಲು ನೋಡಿ ಏನನ್ನೂ ಹೇಳಲಾಗದು ಅಂತ ಅವತ್ತು ಗಟ್ಟಿಯಾಯಿತು.

ಇದನ್ನೇ 1985ರಲ್ಲಿ ಗಿಲೊವಿಚ್, ವಲೋನ್, ಟ್ವೆರ್ಸ್ಕಿ ಅನ್ನುವ ಮೂವರು ಸಂಶೋಧಕರು ದೊಡ್ಡದಾಗಿ ಹೇಳಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ 26 ಆಟಗಾರ, ಆಟಗಾರ್ತಿಯರಿಂದ ಶಾಟ್ ಹಾಕಿಸಿ, ಸಾಲಾಗಿ ಬಿದ್ದ ಮೇಲೆ ಮುಂದಿನದು ಬೀಳುವ ಸಾಧ್ಯತೆ ಹೆಚ್ಚೇನೂ ಆಗುವುದಿಲ್ಲ, ಕುದುರುವುದೆಲ್ಲ ನಮ್ಮ ಭ್ರಮೆ ಅಂದರು. ನಾನೂ ಆಫೀಸಿನಲ್ಲಿ ಒಂದು ತಿಂಗಳು ಇದನ್ನೇ ಹೇಳಿಕೊಂಡು ತಿರುಗಿದೆ. ಆಮೇಲೆ 2018ರಲ್ಲಿ ಅಚ್ಚಾದ, ಅರ್ಥಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ಸಾನ್‌ಹುರ್ಹೊ ಅವರ ಲೆಕ್ಕ ಕಣ್ಣಿಗೆ ಬಿತ್ತು.

ಅದನ್ನು ಅಡುಗೆಮನೆಯ ಟೇಬಲ್ ಮೇಲೆ ಐದು ರೂಪಾಯಿ ನಾಣ್ಯ ಇಟ್ಟುಕೊಂಡು ಮಾಡಿ ನೋಡಿದೆ. ಮೂರು ಸಲ ಚಿಮ್ಮಿದರೆ ಎಂಟು ಬಗೆ. ಅದರಲ್ಲಿ ಎರಡರಲ್ಲಿ ಮೊದಲೆರಡೂ ಟೇಲ್. ಹೆಡ್ ಆದ ಮೇಲೆ ಏನು ಬಂತು ಅಂತ ನೋಡಲು ಅಲ್ಲಿ ಏನೂ ಇಲ್ಲ, ಬಿಡಿ. ಉಳಿದ ಆರರಲ್ಲಿ, ಹೆಡ್ ಆದ ಮೇಲೆ ಮತ್ತೆ ಹೆಡ್ ಬಂದ ಪಾಲು ಎಷ್ಟೆಷ್ಟು? 1, ಅರ್ಧ, 0, 0, 1, 0. ಕೂಡಿ ಆರರಿಂದ ಭಾಗಿಸಿದರೆ 12ಕ್ಕೆ 5. ಅಂದರೆ ಶೇ. 42ರ ಹತ್ತಿರ. ಯಾವ ಮೋಸವೂ ಇಲ್ಲದ ನಾಣ್ಯ, ಆದರೂ 50 ಬರಲಿಲ್ಲ! ಚಿಕ್ಕ ಚಿಕ್ಕ ಸಾಲುಗಳನ್ನು ಹೀಗೆ ಅಳೆದರೆ ಅಳತೆಯೇ ಕೆಳಕ್ಕೆ ಎಳೆಯುತ್ತದೆ. ಹಾಗಾದರೆ ಬಿದ್ದ ಮೇಲೂ 50ರಲ್ಲೇ ನಿಂತ ಆಟಗಾರನ ಕೈ ನಿಜಕ್ಕೂ ಕುದುರಿತ್ತು ಅಂತ ಆಯಿತಲ್ಲ. ಕಾರ್ನೆಲ್ ಅಂಕಿಗಳನ್ನೇ ಹೀಗೆ ತಿದ್ದಿ ನೋಡಿದ ಅವರಿಗೆ ಕುದುರಿದ ಗುರುತು ಕಂಡಿತು. ಆಫೀಸಿನಲ್ಲಿ ಮತ್ತೆ ಮಾತು ಬದಲಾಯಿಸಬೇಕಾಯಿತು. ಆ ನ್ಯೂಯಾರ್ಕಿನವನ ಮುಖ ನೋಡಬೇಕಿತ್ತು ನೀವು.

ಆಮೇಲೆ ನೋಟ್‌ಬುಕ್ಕಿಗೆ ಇನ್ನೆರಡು ಗೆರೆ ಎಳೆದೆ. ಎಷ್ಟು ದೂರದಿಂದ ಎಸೆದ, ಮುಂದೆ ಎಷ್ಟು ಜನ ನಿಂತಿದ್ದರು. ಇದನ್ನು ಮೊದಲೇ ಮಾಡಬೇಕಿತ್ತು. ಎರಡು ಬಿದ್ದ ಮೇಲೆ ಮೂರನೆಯದನ್ನು ಒಂದು ಹೆಜ್ಜೆ ಹಿಂದಿನಿಂದ ಎಸೆಯುತ್ತಾರೆ. ಕಾಯುವವನೂ ಮೈಗೆ ಅಂಟಿಕೊಳ್ಳುತ್ತಾನೆ. ಶಾಟ್ ಕಷ್ಟದ್ದಾಗುತ್ತಾ ಹೋಗುತ್ತದೆ. ನನ್ನ "ಬಿ", "ತ" ಎರಡಕ್ಕೂ ಅದು ಗೊತ್ತೇ ಆಗುವುದಿಲ್ಲ. ಇನ್ನು ಹಳೇ ಕಾಲದವರನ್ನು ನಾನು ಮುಟ್ಟಲೇ ಇಲ್ಲ. ಪೀಟ್ ಮಾರಾವಿಚ್ 1970ಕ್ಕೆ ಮುಗಿಸಿದ ಮೂರು ಸೀಸನ್‌ಗಳಲ್ಲಿ ಮ್ಯಾಚಿಗೆ ಸರಾಸರಿ 44.2 ಪಾಯಿಂಟ್. ಆಗ ತ್ರೀ ಪಾಯಿಂಟ್ ಗೆರೆಯೇ ಇರಲಿಲ್ಲ. ಕಾಲೇಜು ಆಟಕ್ಕೆಲ್ಲ ಅದು ಬಂದಿದ್ದು 1986-87ರಲ್ಲಿ. ಪೂರ್ತಿ ವಿಡಿಯೊ ಸಿಗದೆ ಕ್ರಮ ಸಿಗದು, ಕ್ರಮ ಸಿಗದೆ ನನ್ನ ಕೆಲಸ ನಡೆಯದು.

ವಿಡಿಯೊ ನೋಡದೆ ತುಂಬಿಸಿದ ಪುಟ ಒಂದೇ ಒಂದು. 2008ರ ನವೆಂಬರ್, ಮತ್ತೆ ಕರ್ರಿ. ಓಕ್ಲಹೋಮ ವಿರುದ್ಧ 44 ಹಾಕಿ ಒಂದು ವಾರ ಆಗಿತ್ತಷ್ಟೇ. ಮೇರಿಲ್ಯಾಂಡಿನ ಲೊಯೊಲಾ ಕಾಲೇಜಿನ ಕೋಚ್ ಇಬ್ಬರು ಆಟಗಾರರನ್ನು ಅವನಿಗೇ ಕಾವಲು ಹಾಕಿದ. ಇವನು ಸುಮ್ನೆ ಹೋಗಿ ಮೂಲೆಯಲ್ಲಿ ನಿಂತ. ಉಳಿದ ನಾಲ್ವರು ಅವರ ಮೂವರ ಮೇಲೆ ಆಡಿದರು. ಡೇವಿಡ್‌ಸನ್ 78, ಲೊಯೊಲಾ 48. ಕರ್ರಿಯ ಪಾಯಿಂಟ್ ಸೊನ್ನೆ. ಸ್ಕೋರ್‌ಶೀಟ್ ಮಾತ್ರ ನೋಡಿದವರು ಅವತ್ತು ಕೈ ಕೊಟ್ಟಿತು ಅನ್ನುತ್ತಾರೆ. ಎಸೆದಿದ್ದೇ ಮೂರು, ಮೂರೂ ತಪ್ಪಿದವು. ಯಾವುದರ ಹಿಂದೆ ಯಾವುದು ಅಂತ ಹುಡುಕುವ ಕಷ್ಟವೇ ಇಲ್ಲ. "ತ, ತ, ತ" ಅಂತ ಬರೆದೆ. ಆ ಪುಟದಲ್ಲಿ ಉಳಿದ ಜಾಗದಲ್ಲಿ ಈಗ ಮಗಳು ಗುಣಾಕಾರ ಮಾಡುತ್ತಿದ್ದಾಳೆ.