ಚಪ್ಪಾಳೆ ಹೊಡೆದು ಕಲಿತ ಇಂಗ್ಲಿಷ್

ಟಿಬೆಟನ್ ಮಠವೊಂದರಲ್ಲಿ ಚಿಕ್ಕ ಭಿಕ್ಷುಗಳಿಗೆ ಇಂಗ್ಲಿಷ್ ಹೇಳಿಕೊಡಲು ಹೋಗಿದ್ದೆ. ಸಂಬಳವಿಲ್ಲದ ಕೆಲಸ. ‘ವಾಟ್ ಈಸ್ ಯುವರ್ ನೇಮ್’ ಎಂದು ಕೇಳಿದ್ದೇ ತಡ, ಹೆಸರು, ವಯಸ್ಸು, ಇಷ್ಟದ ಆಟ ಎಲ್ಲವನ್ನೂ ಗಡಗಡ ಒಪ್ಪಿಸಿಬಿಟ್ಟರು. ನನಗಿಂತ ಮುಂಚೆ ಬಂದವರೆಲ್ಲ ಅಲ್ಲಿಂದಲೇ ಶುರು ಮಾಡಿ, ಕೆಲವೇ ವಾರಗಳಲ್ಲಿ ಹೊರಟುಹೋಗಿದ್ದರು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಎಲ್ಲರೂ ಗಪ್‌ಚಿಪ್. ಯಾರಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಮುಂದೆ ಬರುವವರಿಗೆ ಅದು ಪಠ್ಯಪುಸ್ತಕಕ್ಕಿಂತ ಜಾಸ್ತಿ ಉಪಯೋಗ.

ಬಾಯಿಪಾಠ ಆ ಹುಡುಗರಿಗೆ ಹೊಸದಲ್ಲ. ಬೆಳಗಿನ ಜಾವದಿಂದ ಗಟ್ಟಿಯಾಗಿ ಉರು ಹೊಡೆಯುವುದೇ ಮಠದ ಓದು. ನಾನೂ ಅದನ್ನೇ ಮಾಡಿಸಿದರೆ ಏನು ಬಂತು? ನನಗೆ ದಾರಿ ಸಿಕ್ಕಿದ್ದು ಅವರ ವಾದದ ಅಂಗಳದಲ್ಲಿ. ಒಬ್ಬ ಕೂತಿರುತ್ತಾನೆ. ಇನ್ನೊಬ್ಬ ಎದುರಿಗೆ ನಿಂತು ಪ್ರಶ್ನೆ ಎಸೆಯುತ್ತಾನೆ. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡ ಅಂಗೈ ಮೇಲೆ ಛಟೀರನೆ ಹೊಡೆಯುತ್ತಾನೆ. ಕೂತವನು ‘ಒಪ್ಪಿದೆ’, ‘ಯಾಕೆ?’, ‘ಕಾರಣ ಸರಿಯಿಲ್ಲ’ ಅಂತ ಚುಟುಕಾಗಿ ಹೇಳಬೇಕು. ಅವರ ಮೊದಮೊದಲ ಪಾಠವೇ ಬಣ್ಣದ್ದು. ಬಣ್ಣ ಅಂದ ಮೇಲೆ ಕೆಂಪೇ ಆಗಿರಬೇಕಾ? ಇಲ್ಲ, ಬಿಳಿ ಶಂಖದ ಬಣ್ಣ ಇದೆಯಲ್ಲ!

ಅದನ್ನೇ ಇಂಗ್ಲಿಷಿಗೆ ಎಳೆದು ತಂದೆ. ‘ಈಸ್ ಎವ್ರಿ ಕಲರ್ ರೆಡ್?’ ಛಟೀರ್! ‘ನೋ.’ ‘ವೈ?’ ಕೂತ ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ. ಸುತ್ತಲಿನವರು ಕಿಸಕ್ಕನೆ ನಕ್ಕರು. ಕೊನೆಗೆ ‘ಬಿಕಾಸ್ ಮಿಲ್ಕ್ ವೈಟ್!’ ಅಂದ. ನಡುವೆ ‘ಈಸ್’ ಇಲ್ಲದಿದ್ದರೇನಂತೆ, ವಾಕ್ಯ ಅವನದ್ದೇ ಅಲ್ವಾ? ಎಲ್ಲ ಪ್ರಾಣಿಗೂ ಕಾಲಿದೆಯಾ ಎಂಬ ಪ್ರಶ್ನೆಗೆ ‘ಪಿಶ್’ ಅಂತ ಉತ್ತರ ಬಂತು. ಟಿಬೆಟನ್ ಭಾಷೆಯಲ್ಲಿ ‘ಫಿಶ್’ನ ಆ ಮೊದಲ ಉಚ್ಚಾರ ಇಲ್ಲ. ಸುಮ್ನೆ ಬಿಟ್ಟೆ. ವಾದ ನಡೆಯುವಾಗ ತಿದ್ದಿದರೆ ಮಾತೇ ನಿಂತುಹೋಗುತ್ತೆ.

ಬರವಣಿಗೆಯಲ್ಲಿ ಬೇರೆ ಮೋಜು. ಟಿಬೆಟನ್ ಅಕ್ಷರಗಳು ಮೇಲಿನ ಗೆರೆಯಿಂದ ಕೆಳಕ್ಕೆ ಜೋತುಬೀಳುತ್ತವೆ. ಹುಡುಗರು ಇಂಗ್ಲಿಷ್ ಅಕ್ಷರಗಳನ್ನೂ ಹಾಗೇ ನೇತುಹಾಕುತ್ತಿದ್ದರು! ನಾಲ್ಕು ಗೆರೆ ಕಾಪಿ ಪುಸ್ತಕ ತರಿಸಿ, ಅಕ್ಷರ ಕೂರಬೇಕಾದ ಗೆರೆಗೆ ಬಣ್ಣ ಹಚ್ಚಿಸಿದ ಮೇಲೆ ಸರಿಹೋಯಿತು.

ದೊಡ್ಡ ಭಿಕ್ಷುಗಳ ಅಗತ್ಯವೇ ಬೇರೆ. ಟಿಬೆಟನ್ ಬೌದ್ಧರ ಗೆಲುಗ್ ಎಂಬ ಪಂಥದ ದೊಡ್ಡ ಮಠಗಳು 2012ರಲ್ಲಿ ವಿಜ್ಞಾನವನ್ನೂ ಪಠ್ಯಕ್ರಮಕ್ಕೆ ಸೇರಿಸಲು ತೀರ್ಮಾನಿಸಿದವು. ಅವರಿಗೆ ಬೇಕಾದ್ದು ‘ಸೆಲ್’, ‘ನ್ಯೂರಾನ್’ನಂಥ ಪದಗಳು.

ನೀವು ಹೋಗುವುದಾದರೆ ಪುಸ್ತಕವನ್ನು ನೆಲದ ಮೇಲಿಡಬೇಡಿ, ದಾಟಬೇಡಿ. ಪೂಜೆ ಬಂದರೆ ಕ್ಲಾಸ್ ರದ್ದು. ಹೊಸ ವರ್ಷ ಲೊಸಾರ್ ಬಂತೆಂದರೆ ದಿನಗಟ್ಟಲೆ ರಜೆ. ಟಿಬೆಟನ್ ಪಂಚಾಂಗದ ದಿನಗಳನ್ನು ಹುಡುಗರ ಗುರುಗಳ ಹತ್ತಿರ ಮೊದಲೇ ಕೇಳಿ ಬರೆದುಕೊಳ್ಳಿ. ಪಾಠದ ಲೆಕ್ಕ ಹಾಕುವುದು ಆಮೇಲೆ.